ಅವ್ವಗ ಹೇಳಿದ್ರ ಸಾಲಿ ಬಿಡಸ್ತಾರ್ರಿ

ಏಳನೇ ಇಯತ್ತೆವರೆಗೆ ಶಾಲೆ ಊರೊಳಗೇ ಇರುತ್ತದೆ. ಎಂಟನೆಯದಕ್ಕೆ ಪಕ್ಕದೂರಿಗೆ ಹೋಗಬೇಕು. ವಿಜಯಪುರ, ಬಾಗಲಕೋಟೆ ಸೀಮೆಯ ಎಷ್ಟೋ ಹುಡುಗಿಯರ ಹಣೆಬರಹ ತೀರ್ಮಾನವಾಗುವುದು ಈ ನಡುವಿನ ದಾರಿಯಲ್ಲಿ. ಬೈಕಿನಲ್ಲಿ ಬಂದ ಹುಡುಗ ಪಕ್ಕಕ್ಕೆ ಬಂದಾಗ ವೇಗ ತಗ್ಗಿಸಿ ಮೊಬೈಲಿನ ಹಾಡು ಜೋರು ಮಾಡುತ್ತಾನೆ. ಅಷ್ಟೇ. ಹುಡುಗಿ ತಲೆ ಕೂಡ ಎತ್ತಿರುವುದಿಲ್ಲ. ಆದರೆ ಹೊಲದಿಂದ ಬರುತ್ತಿದ್ದ ಯಾರೋ ನೋಡಿರುತ್ತಾರೆ. ಸುದ್ದಿ ಸಂಜೆ ಕಟ್ಟೆಗೆ ಬಂದು, ರಾತ್ರಿ ಅಪ್ಪನ ಕಿವಿ ಮುಟ್ಟುವ ಹೊತ್ತಿಗೆ “ನಿನ್ನ ಮಗಳು ಯಾವನ ಜೋಡಿನೋ ಮಾತಾಡಾಕತ್ತಿದ್ಲಂತ” ಎಂದಾಗಿರುತ್ತದೆ. ಪಾಟಿಚೀಲ ಗೂಟ ಸೇರುತ್ತದೆ. ಬೇಸಿಗೆಗೆ ಮನೆ ಮುಂದೆ ಲಗ್ನದ ಹಂದರ.

ಇಲ್ಲಿ ಯಾರೂ ಕೈಯೆತ್ತಿ ಹೊಡೆದಿಲ್ಲ. ಆದರೂ ಇದು ಹಿಂಸೆಯೇ, ಮುಂದಿನ ಹಿಂಸೆಗೆ ಬಾಗಿಲೂ ಹೌದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರು ಶೇ 44.4. ಕಾನೂನಿಗೇನೂ ಕೊರತೆಯಿಲ್ಲ. 2006ರ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದ ನಮ್ಮ ರಾಜ್ಯ, ಬಾಲ್ಯವಿವಾಹ ಮೂಲದಲ್ಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೆಚ್ಚಿಕೊಂಡಿತು. ಆದರೆ ಹಂದರ ಹಾಕುವವರೆಗೂ ಹುಡುಗಿಯ ಸಂಕಟ ಯಾರಿಗೂ ತಿಳಿಯದಿದ್ದರೆ ಕಾನೂನು ತಾನಾಗಿ ಮನೆಗೆ ಬರುವುದಿಲ್ಲ.

ಹುಡುಗಿಯರ ಗುಂಪು ಕೂಡಿಸುವ ಅಕ್ಕ ಬೇಕಾಗುವುದು ಇಲ್ಲಿ. 1989ರಲ್ಲಿ ಆರಂಭವಾದ ‘ಮಹಿಳಾ ಸಮಖ್ಯಾ’ ಎಂಬ ಸರ್ಕಾರಿ ಕಾರ್ಯಕ್ರಮದ ಕಾಲದಿಂದಲೂ ನಮ್ಮಲ್ಲಿ ಕಿಶೋರಿ ಸಂಘಗಳ ಪರಂಪರೆ ಇದೆ. ಇಂಥ ಗುಂಪುಗಳಲ್ಲಿ ಪಾಠಕ್ಕಿಂತ ಆಟ ಹೆಚ್ಚು. ಒಬ್ಬಳು ತಲೆಗೆ ಟವೆಲ್ ಸುತ್ತಿ ಅಪ್ಪನಾಗುತ್ತಾಳೆ, ಇನ್ನೊಬ್ಬಳು ಬೈಕಿನ ಹುಡುಗ. ನಗುವೋ ನಗು. ನಗು ನಿಂತ ಮೇಲೆ ಅಕ್ಕ ಮೆಲ್ಲಗೆ ಕೇಳುತ್ತಾಳೆ: “ಹಿಂಗಾದ್ರ ಮೊದಲ ಯಾರಿಗೆ ಹೇಳ್ತೀರಿ?” ಎಲ್ಲರೂ ಸುಮ್ಮನಾಗುತ್ತಾರೆ. ಕೊನೆಗೆ ಮೂಲೆಯಿಂದ ಒಂದು ದನಿ: “ಅವ್ವಗ ಹೇಳಿದ್ರ ಸಾಲಿ ಬಿಡಸ್ತಾರ್ರಿ.”

ಹುಡುಗಿಯರು ಬಾಯಿ ಬಿಡದಿರುವುದು ಪುಕ್ಕಲುತನದಿಂದಲ್ಲ. ಹೇಳಿದರೆ ಏನಾಗುತ್ತದೆ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ‘ಧೈರ್ಯವಾಗಿರಿ’ ಎಂಬ ಭಾಷಣ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಒಳ್ಳೆಯ ಅಕ್ಕ ಭಾಷಣ ಮಾಡುವುದಿಲ್ಲ. ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ಮನೆಗೆ ಹೋಗಿ ಒಲೆಯ ಮುಂದೆ ಕೂರುತ್ತಾಳೆ. ನಾಲ್ಕು ಹುಡುಗಿಯರು ಕೂಡಿ ಹೋಗಿ ಬರುವ ಏರ್ಪಾಟು ಮಾಡುತ್ತಾಳೆ. 1098 ಎಂಬ ಮಕ್ಕಳ ಸಹಾಯವಾಣಿ ನಂಬರು ಬಾಯಿಪಾಠ ಮಾಡಿಸುತ್ತಾಳೆ.

ಹಾಗಂತ ಅಕ್ಕ ಬಂದರೆ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ವಿಜಯಪುರ, ಬಾಗಲಕೋಟೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರಿಗಾಗಿ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿತು. ಹುಡುಗಿಯರ ಗುಂಪು, ಪೋಷಕರು, ಶಾಲೆ, ಊರಿನ ಹುಡುಗರು ಎಲ್ಲರನ್ನೂ ಸೇರಿಸಿಕೊಂಡಿದ್ದ ಕೆಲಸ. ಅದು ನಡೆದ ಹಳ್ಳಿಗಳನ್ನೂ ನಡೆಯದ ಹಳ್ಳಿಗಳನ್ನೂ ಹೋಲಿಸಿ ನೋಡಿದಾಗ, ಹೈಸ್ಕೂಲು ಮುಗಿಸುವುದರಲ್ಲಾಗಲಿ ಮದುವೆ ತಡೆಯುವುದರಲ್ಲಾಗಲಿ ಒಟ್ಟಾರೆ ನಿರೀಕ್ಷಿಸಿದಷ್ಟು ವ್ಯತ್ಯಾಸ ಕಾಣಲಿಲ್ಲ. ಕಾರ್ಯಕ್ರಮವಿಲ್ಲದ ಊರುಗಳಲ್ಲೂ ಕಾಲ ಬದಲಾಗುತ್ತಿತ್ತು ಎಂಬುದೂ ಒಂದು ಕಾರಣ. ಇದನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡದು. ಫೋಟೊ, ಚಪ್ಪಾಳೆಗಳಲ್ಲಿ ಮುಗಿಯುವ ಯೋಜನೆಗಳೇ ನಮ್ಮಲ್ಲಿ ಹೆಚ್ಚು.

ನನಗೆ ಅನ್ನಿಸುವುದಿಷ್ಟು: ಹುಡುಗಿ ಎಷ್ಟೇ ಗಟ್ಟಿಯಾದರೂ ಕಟ್ಟೆಯ ಮಾತು ಹಾಗೇ ಇದ್ದರೆ ಚೀಲ ಮತ್ತೆ ಗೂಟಕ್ಕೇ. ಬೈಕಿನ ಹುಡುಗನಿಗೂ ಒಬ್ಬ ಅಣ್ಣ ಬೇಕು. ಉತ್ತರ ಕರ್ನಾಟಕದಲ್ಲಿ ಕಬಡ್ಡಿ ಆಡುವ ಹುಡುಗರೊಂದಿಗೆ ಇಂಥ ಪ್ರಯತ್ನ ನಡೆದಿದೆ. ಅಕ್ಕಂದಿರೂ ಆಟವನ್ನೇ ಹಿಡಿದದ್ದುಂಟು: ಮುಂಬೈಯ ಶಿವಾಜಿನಗರದ ಕೊಳೆಗೇರಿಯಲ್ಲಿ ಅದೇ ಓಣಿಯ ಯುವತಿಯರೇ ಹುಡುಗಿಯರನ್ನು ಕಬಡ್ಡಿ ಅಂಗಳಕ್ಕೆ ಇಳಿಸಿದರು.

ಅಕ್ಕನ ಪಾಡೂ ಇದೆಯಲ್ಲ. ಅವಳಿಗೇ ಇನ್ನೂ ಇಪ್ಪತ್ತೆರಡೋ ಇಪ್ಪತ್ಮೂರೋ. ಗೌರವಧನ ಬಸ್ ಚಾರ್ಜಿಗೆ ಸರಿಹೋದರೆ ಹೆಚ್ಚು. ಒಂದು ದಿನ ಅವಳನ್ನೂ ನೋಡಲು ಬರುತ್ತಾರೆ. ಲಗ್ನವಾಗಿ ಗಂಡನ ಊರಿಗೆ ಹೋದ ಮೇಲೆ ಮುಂದಿನ ಭಾನುವಾರ ಗುಂಪು ಕೂಡಿಸುವವರು ಯಾರು? ಟವೆಲ್ ಸುತ್ತಿ ಅಪ್ಪನ ಪಾತ್ರ ಮಾಡಿದ್ದ ಹುಡುಗಿ ಈಗ ಪಿಯುಸಿಯಲ್ಲಿರುತ್ತಾಳೆ, ಅವಳ ಮನೆಯವರು ಹೂಂ ಅಂದರೆ.