ಜೀಪಿನ ಬೆನ್ನಿಗೆ ಎಷ್ಟು ಹೊರೆ?

ಮುಂಬಯಿ ಕನ್ನಡಿಗರಾದ ನಮಗೂ ಜೀಪಿಗೂ ಎರಡು ಕಡೆಯಿಂದ ನಂಟು. ಊರಿನಲ್ಲಿ, ಬಸ್ಸು ಕಾಣದ ಘಟ್ಟದ ಹಳ್ಳಿಗಳಿಂದ ಅಡಕೆ ಮೂಟೆಯನ್ನೂ ಹೆರಿಗೆಗೆ ಹೊರಟ ಹೆಣ್ಣುಮಕ್ಕಳನ್ನೂ ಪೇಟೆ ಮುಟ್ಟಿಸಿದ್ದು ಜೀಪು. ಇತ್ತ, ಆ ಜೀಪು ಮೈತಳೆದದ್ದು ನಮ್ಮ ಈ ನಗರದಲ್ಲಿಯೇ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯು 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅಮೆರಿಕದ ವಿಲ್ಲಿಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಅದು ಮಝಗಾಂವಿನಲ್ಲಿ ಜೋಡಿಸತೊಡಗಿತು. ಮುಂದೆ ಕಾಂದಿವಲಿಯ ಕಾರಖಾನೆ ಬೆಳೆಯಿತು.

ಇಂಥ ಗಾಡಿಯೊಂದನ್ನು ಕೊಂಡು, ಹಿಂದಿನ ಕಮಾನಿಗೆ ಎರಡು ಪಟ್ಟಿ ಸೇರಿಸಿ, ನೆತ್ತಿಯ ಮೇಲೆ ಕ್ಯಾರಿಯರ್ ಬಿಗಿದು, ಬೆನ್ನಿಗೆ ಡೀಸೆಲ್ ಡಬ್ಬಿ ತೂಗಿಸಿ, ಹೆಂಡಿರು ಮಕ್ಕಳೊಡನೆ ಊರಿನ ದಾರಿ ಹಿಡಿಯಬೇಕೆಂಬ ಆಸೆ ನಮ್ಮವರಲ್ಲಿ ಅನೇಕರಿಗುಂಟು. ಆಸೆ ಕೆಟ್ಟದ್ದಲ್ಲ. ಆದರೆ ಗ್ಯಾರೇಜಿಗೆ ಹೋಗುವ ಮೊದಲು ಕಾಗದ ಪೆನ್ಸಿಲು ಹಿಡಿದು ಕೂರುವುದು ಮೇಲು.

ಮಹಾಯುದ್ಧದ ಕಾಲದ ಜೀಪನ್ನು ಅಮೆರಿಕದ ಸೈನ್ಯ ಕರೆದದ್ದು 'ಕಾಲು ಟನ್ನಿನ ಟ್ರಕ್ಕು' ಎಂದು. ಅದರ ಎಂಜಿನ್ನು 60 ಅಶ್ವಶಕ್ತಿಯದು. ಹೊರೆ ಹೆಚ್ಚಾದಾಗ ಸೈನಿಕರು ಅದನ್ನೆಲ್ಲ ಜೀಪಿನ ಮೇಲೆಯೇ ಪೇರಿಸುತ್ತಿರಲಿಲ್ಲ. ಹಿಂದೆ ಎರಡು ಚಕ್ರದ ಟ್ರೈಲರು ಕಟ್ಟುತ್ತಿದ್ದರು. ಭಾರಕ್ಕೆ ಬೇರೆ ಚಕ್ರ ಕೊಡಬೇಕೆಂಬ ಈ ಬುದ್ಧಿ ಇಂದಿಗೂ ಹಳತಾಗಿಲ್ಲ.

ಕಮಾನಿಗೆ ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯದು, ಅಷ್ಟೇ. ಆಕ್ಸಲು, ಬೇರಿಂಗು, ಟೈರು, ಬ್ರೇಕುಗಳ ಶಕ್ತಿ ಅದರಿಂದ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಗಾಡಿ ನೆಟ್ಟಗೆ ನಿಂತಿದೆಯೆಂದು ನಾವು ಧೈರ್ಯ ತಾಳುತ್ತೇವೆ, ಅಪಾಯವಿರುವುದು ಅಲ್ಲಿಯೇ. ಒಂದೂವರೆ ಟನ್ನಿನ ಗಾಡಿ ಎರಡು ಟನ್ನಾದರೆ, ಅದೇ ವೇಗದಿಂದ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಕಾವು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಆಗುಂಬೆಯಂಥ ಘಟ್ಟವನ್ನು ಇಳಿಯುವಾಗ ಕಾದ ಬ್ರೇಕು ಹಿಡಿಯದೆ ಹೋಗಬಹುದು. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂದು ಹಳೆಯ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ.

ಇನ್ನು ದೂರದ ಮಾತು. ಇಪ್ಪತ್ತು ಲೀಟರಿನ ಡಬ್ಬಿಯಲ್ಲಿ ಡೀಸೆಲ್ಲೇ ಸುಮಾರು 17 ಕಿಲೋ; ಉಕ್ಕಿನ ಡಬ್ಬಿ ಸೇರಿ 21. ಲೀಟರಿಗೆ ಹತ್ತು ಕಿಲೋಮೀಟರು ಓಡುವ ಗಾಡಿಗೆ ಒಂದು ಡಬ್ಬಿ 200 ಕಿಲೋಮೀಟರು ಕೊಡುತ್ತದೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ತಾಂಡಿಯಲ್ಲಿ, ಮುಂದಿನ ಪಂಪು 365 ಕಿಲೋಮೀಟರು ಎಂಬ ಫಲಕ ಪ್ರಸಿದ್ಧವಾದದ್ದು. ಅಂಥ ದಾರಿಗೆ ಡಬ್ಬಿ ಬೇಕು. ಪನವೇಲಿನಿಂದ ಉಡುಪಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪಂಪುಗಳಿಗೆ ಬರವಿಲ್ಲ. ಅಲ್ಲಿ ಡಬ್ಬಿ ಬರಿಯ ಭಾರ, ಜೊತೆಗೆ ಬೆಂಕಿಯ ಭಯ.

ಲೆಕ್ಕ ಹೀಗೆ ಮಾಡೋಣ. ತಯಾರಕರು ಹೇಳಿದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ 450 ಕಿಲೋ ಉಳಿಯಿತೆನ್ನಿ. ತಲಾ 65 ಕಿಲೋದಂತೆ ಐದು ಜನ ಕೂತರೆ 325 ಹೋಯಿತು. ನಾಲ್ಕು ಡಬ್ಬಿಗೆ 84. ಉಳಿದದ್ದು 41 ಕಿಲೋ. ಕ್ಯಾರಿಯರಿನ ಕಬ್ಬಿಣ, ಹೆಚ್ಚುವರಿ ಪಟ್ಟಿಗಳು, ಪೆಟ್ಟಿಗೆ, ಹಾಸಿಗೆ, ಉಪ್ಪಿನಕಾಯಿಯ ಭರಣಿ, ಎಲ್ಲವೂ ಇದರೊಳಗೇ ಅಡಗಬೇಕು! ಸಂಶಯವಿದ್ದವರು ಹೊರಡುವ ಮೊದಲು ಲಾರಿಗಳ ತೂಕದ ಕಾಂಟಾ ಮೇಲೆ ಗಾಡಿಯನ್ನು ಒಮ್ಮೆ ನಿಲ್ಲಿಸಿ ನೋಡಲಿ.

ಭಾರ ಇಡುವ ಸ್ಥಳವೂ ಮುಖ್ಯ. ನೆತ್ತಿಯ ಮೇಲಿನ ಭಾರ ತಿರುವಿನಲ್ಲಿ ಗಾಡಿಯನ್ನು ಮಗುಚಲು ನೋಡುತ್ತದೆ. ಹಿಂದಿನ ಚಕ್ರದಿಂದಾಚೆ ತೂಗಿದ ಭಾರ ಮುಂದಿನ ಚಕ್ರಗಳನ್ನು ಹಗುರಮಾಡಿ ಸ್ಟಿಯರಿಂಗಿನ ಹಿಡಿತ ಕೆಡಿಸುತ್ತದೆ. ತೂಕದ ಸಾಮಾನು ಕೆಳಗೆ, ಎರಡು ಆಕ್ಸಲುಗಳ ನಡುವೆ ಇರಲಿ. ದೊಡ್ಡ ಟೈರು ಹಾಕಿದರೆ ನೋಟ ಚೆನ್ನ. ಆದರೆ ಎಂಜಿನ್ನಿಗೆ ಎಳೆಯುವುದು ಕಷ್ಟ, ವೇಗದ ಮುಳ್ಳೂ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಟ್ರೈಲರಿಗೂ ನೋಂದಣಿ ಬೇಕು. ಆದುದರಿಂದ ಮಿಸ್ತ್ರಿಯನ್ನು ಕೇಳುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಹಾಗಾದರೆ ಮಾಡಬಹುದಾದದ್ದೇನು? ತಯಾರಕರು ಹೇಳಿದ ಅಳತೆಯ, ತಕ್ಕ ಭಾರ ತಾಳುವ ಹೊಸ ಟೈರು, ಸವೆದ ಪಟ್ಟಿಗೆ ಬದಲು ಅದೇ ಬಗೆಯ ಪಟ್ಟಿ, ಬ್ರೇಕಿನ ಪೂರ್ಣ ತಪಾಸಣೆ, ಹಗುರವಾದ ಕ್ಯಾರಿಯರು. ಭಾರವಾದ ಗಂಟುಗಳನ್ನು ರೈಲಿನಲ್ಲಿಯೋ ಲಾರಿಯಲ್ಲಿಯೋ ಮುಂದಾಗಿ ಕಳಿಸಿದರೆ ಅಜ್ಜಿಗೂ ಮಕ್ಕಳಿಗೂ ಕಾಲು ಚಾಚಿ ಕೂರಲು ಸ್ಥಳವಾದೀತು. ಊರಿನಲ್ಲಿ ಬಾಗಿಲಲ್ಲಿ ನಿಂತು ದಾರಿ ಕಾಯುವವರು ಎಣಿಸುವುದು ನಮ್ಮ ತಲೆಗಳನ್ನು, ಗಂಟುಗಳನ್ನಲ್ಲ.