ಮಾದರಿ ರೈಲುಗಳ ಯಾದಿ ಮತ್ತು ಗಣಕಯಂತ್ರ

ಸಂಗ್ರಹಿಸುವುದು ಮನುಷ್ಯನ ಸಹಜಗುಣಗಳಲ್ಲೊಂದು. ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ, ಹೊಳೆಯ ದಂಡೆಯ ನುಣುಪುಗಲ್ಲು ಇವುಗಳಲ್ಲಿ ಯಾವುದನ್ನಾದರೂ ಕೂಡಿಡದ ಬಾಲಕ ಬಾಲಕಿಯರು ವಿರಳ. ದೊಡ್ಡವರಲ್ಲಿಯೂ ಈ ಹವ್ಯಾಸವುಳ್ಳವರು ಅನೇಕರಿದ್ದಾರೆ. ಅವರಲ್ಲಿ ಕೆಲವರು ಮಾದರಿ ರೈಲುಗಳನ್ನು ಕೂಡಿಡುತ್ತಾರೆ. ಆದರೆ ಕೂಡಿಡುವುದು ಬೇರೆ, ಕೂಡಿಟ್ಟುದನ್ನು ಅರಿತಿರುವುದು ಬೇರೆ. ಈ ಅರಿವಿಗೆ ಗಣಕಯಂತ್ರವು ಹೇಗೆ ನೆರವಾಗಬಲ್ಲುದು, ಅದಕ್ಕೆ ತಕ್ಕ ತಂತ್ರಾಂಶವನ್ನು ಹೇಗೆ ಆರಿಸಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ಸಾಂಖಳಿಯಲ್ಲಿ ರೈಲು ನಿಲ್ದಾಣವಿಲ್ಲ. ಬೆಳಗಾವಿಯ ಕಡೆಗೆ ಹೊರಟವರು ಚೋರ್ಲಾ ಘಟ್ಟದ ದಾರಿಯನ್ನು ಹಿಡಿಯುತ್ತಾರೆ. ರೈಲು ಬೇಕಾದವರು ಥಿವಿ ನಿಲ್ದಾಣಕ್ಕೆ ಹೋಗುತ್ತಾರೆ. ಆದರೂ ರೈಲಿನ ಇತಿಹಾಸವು ನಮಗೆ ದೂರದ್ದಲ್ಲ. ಮುರಗಾಂವ ಬಂದರಿನಿಂದ ಕುಳೆಂ, ದೂಧಸಾಗರಗಳ ಮೂಲಕ ಘಟ್ಟವನ್ನೇರಿ ಕ್ಯಾಸಲ್‌ರಾಕನ್ನು ಮುಟ್ಟುವ ಮಾರ್ಗವು ೧೮೮೦ರ ದಶಕದಲ್ಲಿ ಮೀಟರ್ ಗೇಜಿನಲ್ಲಿ ನಿರ್ಮಾಣವಾಯಿತು; ೧೯೯೦ರ ದಶಕದಲ್ಲಿ ಅದು ಬ್ರಾಡ್ ಗೇಜಿಗೆ ಮಾರ್ಪಟ್ಟಿತು. ೧೯೯೮ರಲ್ಲಿ ಕೊಂಕಣ ರೈಲ್ವೆಯು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ನಿಜವಾದ ಹಳೆಯ ಬಂಡಿಗಳನ್ನು ನೋಡಬಯಸುವವರಿಗೆ ೧೯೭೯ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ. ಪುಟ್ಟ ಮಾದರಿಗಳನ್ನು ನೋಡಬಯಸುವವರಿಗೆ ಪುಣೆಯ ಕೋಥರೂಡಿನಲ್ಲಿ ಜೋಶಿಯವರ ಕಿರುರೈಲುಗಳ ಸಂಗ್ರಹಾಲಯವಿದೆ.

ಮಾದರಿ ರೈಲು ಕೇವಲ ಆಟಿಕೆಯಲ್ಲ. ಅದಕ್ಕೊಂದು ಗೊತ್ತಾದ ಪ್ರಮಾಣವಿರುತ್ತದೆ. ಜಗತ್ತಿನಲ್ಲಿ ಬಹಳವಾಗಿ ಪ್ರಚಾರದಲ್ಲಿರುವ 'ಎಚ್‌ಓ' ಪ್ರಮಾಣದಲ್ಲಿ ನಿಜವಾದ ಬಂಡಿಯ ೮೭ ಅಂಗುಲವು ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಅದರ ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರ್. ನಮ್ಮ ಬ್ರಾಡ್ ಗೇಜಿನ ಅಂತರ ೧೬೭೬ ಮಿಲಿಮೀಟರ್. ಇದನ್ನು ೮೭ರಿಂದ ಭಾಗಿಸಿದರೆ ೧೯ಕ್ಕಿಂತ ತುಸು ಹೆಚ್ಚು ಬರುತ್ತದೆ. ಎಂದರೆ ಭಾರತೀಯ ಬಂಡಿಯ ಮಾದರಿಯು ಎಚ್‌ಓ ಹಳಿಯ ಮೇಲೆ ಓಡಬೇಕಾದರೆ ಅದರ ಗಾಲಿಗಳ ಅಂತರವನ್ನು ಕುಗ್ಗಿಸಲೇಬೇಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಇಂಥ ವಿವರಗಳೇ ಸಂಗ್ರಹದ ಜೀವಾಳ. ಅವು ಬರವಣಿಗೆಯಲ್ಲಿ ಉಳಿಯದಿದ್ದರೆ ಕಾಲಕ್ರಮದಲ್ಲಿ ಮರೆತುಹೋಗುತ್ತವೆ.

ಯಾದಿಯಿಲ್ಲದ ಸಂಗ್ರಹಕ್ಕೆ ಒದಗುವ ಗತಿಯನ್ನು ಊಹಿಸುವುದು ಕಷ್ಟವಲ್ಲ. ಕೂಡಿಟ್ಟವರು ಇರುವವರೆಗೆ ಎಲ್ಲವೂ ಅವರ ನೆನಪಿನಲ್ಲಿರುತ್ತದೆ. ಅವರ ತರುವಾಯ ಮನೆಯವರ ಕಣ್ಣಿಗೆ ಕಾಣುವುದು ಧೂಳು ಹಿಡಿದ ಪೆಟ್ಟಿಗೆಗಳು ಮಾತ್ರ. ಯಾವುದು ಅಪೂರ್ವ, ಯಾವುದು ಸಾಧಾರಣವೆಂದು ತಿಳಿಯದೆ ಎಲ್ಲವನ್ನೂ ಒಟ್ಟಿಗೆ ಗುಜರಿಗೆ ಹಾಕಿಬಿಡುವುದುಂಟು. ಮೇಲಾಗಿ ನಮ್ಮ ಕಡೆಯ ಮಳೆಗಾಲದ ತೇವಕ್ಕೆ ರಟ್ಟಿನ ಡಬ್ಬಿ, ರಸೀದಿ, ಚೀಟಿಗಳು ಬೂಸು ಹಿಡಿಯುತ್ತವೆ. ಹಲವು ವರ್ಷಗಳ ಶ್ರಮ ಹೀಗೆ ವ್ಯರ್ಥವಾಗದಿರಲು ಲಿಖಿತ ಯಾದಿಯೊಂದೇ ಉಪಾಯ.

ತಂತ್ರಾಂಶವನ್ನು ಹುಡುಕುವ ಮೊದಲು ಒಂದು ಕಾಗದವನ್ನು ತೆಗೆದುಕೊಂಡು, ಏನೇನು ಬರೆದಿಡಬೇಕೆಂಬುದನ್ನು ನಿಶ್ಚಯಿಸಬೇಕು. ಗ್ರಂಥಾಲಯದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ದಾಖಲೆ ಸಂಖ್ಯೆಯಿರುವಂತೆ ಪ್ರತಿ ಬಂಡಿಗೂ ಒಂದು ಸಂಖ್ಯೆಯಿರಲಿ. ವಸ್ತು ಕೈಬಿಟ್ಟುಹೋದರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಬಾರದು. ಬಳಿಕ ಬಂಡಿಯ ಬಗೆ, ಪ್ರಮಾಣ, ತಯಾರಕರು, ಕೊಂಡ ದಿನ, ಬೆಲೆ, ಈಗಿನ ಸ್ಥಿತಿ, ಇಟ್ಟಿರುವ ಸ್ಥಳ, ಛಾಯಾಚಿತ್ರ, ದುರಸ್ತಿ ಇವಕ್ಕೆ ಒಂದೊಂದು ಅಂಕಣ. ಒಂದೇ ವಸ್ತುವನ್ನು ಒಮ್ಮೆ 'ಇಂಜಿನು' ಎಂದೂ ಮತ್ತೊಮ್ಮೆ 'ಯಂತ್ರ' ಎಂದೂ ಬರೆದರೆ ಗಣಕಯಂತ್ರವು ಅವನ್ನು ಬೇರೆಬೇರೆಯಾಗಿಯೇ ಎಣಿಸುತ್ತದೆ. ಆದುದರಿಂದ ಹೆಸರುಗಳು ಮೊದಲೇ ಗೊತ್ತಾಗಿರಬೇಕು.

ತಂತ್ರಾಂಶಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಲೆಕ್ಕದ ಹಾಳೆ. ಲಿಬ್ರೆ ಆಫೀಸಿನ ಕ್ಯಾಲ್ಕ್ ಇದಕ್ಕೊಂದು ಉದಾಹರಣೆ. ಅದು ಉಚಿತವಾಗಿ ದೊರೆಯುತ್ತದೆ. ಕೆಲವು ನೂರು ವಸ್ತುಗಳಿಗೆ ಇದು ಧಾರಾಳವಾಗಿ ಸಾಕು. ಎರಡನೆಯದು ದತ್ತಸಂಚಯ. ಒಂದೇ ಇಂಜಿನಿಗೆ ಹತ್ತು ಸಲ ದುರಸ್ತಿಯಾಗಿದ್ದರೆ ಆ ಹತ್ತು ದಾಖಲೆಗಳನ್ನು ಬೇರೊಂದು ಕೋಷ್ಟಕದಲ್ಲಿಟ್ಟು ಸಂಖ್ಯೆಯ ಮೂಲಕ ಇಂಜಿನಿಗೆ ಜೋಡಿಸುವುದು ಇದರ ಕ್ರಮ. ಮೂರನೆಯದು ಇದೇ ಕೆಲಸಕ್ಕೆಂದು ಸಿದ್ಧಪಡಿಸಿದ ತಂತ್ರಾಂಶ. ಮಾದರಿ ರೈಲುಗಳನ್ನು ಓಡಿಸಲು ಉಪಯೋಗಿಸುವ 'ಜೆಎಂಆರ್‌ಐ' ಎಂಬ ಉಚಿತ ತಂತ್ರಾಂಶದಲ್ಲಿ ಇಂಜಿನುಗಳ ಯಾದಿಯನ್ನಿಡುವ ಸೌಕರ್ಯವೂ ಇದೆ. ದೊಡ್ಡ ವಸ್ತುಸಂಗ್ರಹಾಲಯಗಳಿಗಾಗಿ ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ತಂತ್ರಾಂಶದ ಹೆಸರು 'ಜತನ್'. ಆ ಮಾತಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಚೆಲುವಾದ ಚಿತ್ರಗಳಿಗೆ ಮರುಳಾಗದೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಅದು ಕನ್ನಡವನ್ನು ಯುನಿಕೋಡಿನಲ್ಲಿ ಬರೆದುಕೊಳ್ಳುವುದೇ? ಹಿಂದೆ ಕನ್ನಡದ ಕೆಲವು ಲಿಪಿವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣುತ್ತವೆ. ಯುನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ಎರಡನೆಯದಾಗಿ, ತುಂಬಿದ ವಿವರಗಳನ್ನೆಲ್ಲ ಸಾದಾ ಪಠ್ಯವಾಗಿ, ಎಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ 'ಸಿಎಸ್‌ವಿ' ಕಡತವಾಗಿ, ಹೊರತೆಗೆಯಬಹುದೇ? ಮೂರನೆಯದಾಗಿ, ಅಂತರಜಾಲವಿಲ್ಲದಾಗಲೂ ಅದು ಕೆಲಸಮಾಡುವುದೇ? ನಾಲ್ಕನೆಯದಾಗಿ, ವರ್ಷವರ್ಷವೂ ಹಣ ತೆರಬೇಕೇ, ತೆರದಿದ್ದರೆ ನಮ್ಮ ಯಾದಿಯ ಗತಿಯೇನು?

ಇವುಗಳಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ತಂತ್ರಾಂಶಗಳು ಹುಟ್ಟುತ್ತವೆ, ಅಳಿಯುತ್ತವೆ. ಸಂಗ್ರಹವು ಅವುಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಒಳಗೆ ಹೋದ ವಿವರ ಹೊರಗೆ ಬರದಿದ್ದರೆ ಅದು ಬೀಗದ ಕೈಯಿಲ್ಲದ ಪೆಟ್ಟಿಗೆಯಂತೆ. ಆದುದರಿಂದ ಮೊದಲು ಹತ್ತೇ ವಸ್ತುಗಳ ವಿವರವನ್ನು ತುಂಬಿ, ಹೊರತೆಗೆದು, ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಕನ್ನಡ ಅಕ್ಷರಗಳು ಸರಿಯಾಗಿ ಕಂಡರೆ ಮಾತ್ರ ಮುಂದುವರಿಯಬೇಕು. ಯಾದಿಯ ಒಂದು ಪ್ರತಿ ಯಂತ್ರದಲ್ಲಿ, ಮತ್ತೊಂದು ಹೊರಗಿನ ಸ್ಮರಣಕೋಶದಲ್ಲಿ, ಮೂರನೆಯದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರುವುದು ಕ್ಷೇಮಕರ. ಸಂಕೇತಪದವು ಮನೆಯ ಇನ್ನೊಬ್ಬರಿಗಾದರೂ ತಿಳಿದಿರಬೇಕು.

ಬೆಲೆಬಾಳುವ ಮಾದರಿ ರೈಲುಗಳು ಎಲ್ಲರ ಮನೆಯಲ್ಲಿಯೂ ಇರಲಾರವು, ಇರಬೇಕಾದುದೂ ಇಲ್ಲ. ಆದರೆ ಪಾಲಕರು ತಮ್ಮ ಮಕ್ಕಳಿಗೆ ಈ ಶಿಸ್ತನ್ನು ಅಂಚೆಚೀಟಿಗಳಲ್ಲಿಯೋ ಮನೆಯ ಪುಸ್ತಕಗಳಲ್ಲಿಯೋ ಕಲಿಸಬಹುದು. ಒಂದು ಸಾದಾ ಹಾಳೆ, ಹತ್ತು ಅಂಕಣ, ದಿನಕ್ಕೆ ಐದು ವಸ್ತುಗಳು—ಇಷ್ಟರಿಂದ ಆರಂಭವಾದರೆ ಸಾಕು. ವರ್ಷಾಂತ್ಯಕ್ಕೆ ಆ ಯಾದಿಯನ್ನು ಮುದ್ರಿಸಿ ಹೊಲಿದಿಟ್ಟರೆ, ಕರೆಂಟು ಹೋದ ದಿನವೂ ಅದನ್ನು ಓದಬಹುದು. ವಿದ್ಯಾರ್ಥಿಗಳೇ, ಕೂಡಿಡಿರಿ, ಕೂಡಿಟ್ಟುದನ್ನು ಬರೆದಿಡಿರಿ.