ತರಗತಿಯ ಗುಂಪು ಮಂಡನೆಗಳಲ್ಲಿ ಪ್ರಜಾಪ್ರಭುತ್ವದ ಕಥನ: ಕಲಬುರಗಿ ಜಿಲ್ಲೆಯ ಐದು ಊರುಗಳನ್ನು ಅನುಲಕ್ಷಿಸಿ

ಪ್ರಜಾಪ್ರಭುತ್ವವೆಂಬ ಪರಿಕಲ್ಪನೆಯನ್ನು ನಮ್ಮ ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ ರಾಜ್ಯಶಾಸ್ತ್ರದ ವಿಷಯವೆಂದೇ ಪರಿಗಣಿಸಲಾಗುತ್ತದೆ. ಆದರೆ ವಿದ್ಯಾರ್ಥಿಗಳು ಅದನ್ನು ಕುರಿತು ಯೋಚಿಸುವುದೂ ಮಾತನಾಡುವುದೂ ಕನ್ನಡದಲ್ಲಿ. ಆ ಕನ್ನಡದ ವಾಕ್ಯರಚನೆ, ರೂಪಕ ಮತ್ತು ವಿಭಕ್ತಿಗಳು ಅವರ ತಿಳಿವಳಿಕೆಯನ್ನು ನಿರ್ದೇಶಿಸುತ್ತವೆ. ಆದ್ದರಿಂದ ಇದು ಕನ್ನಡ ಅಧ್ಯಾಪಕರ ಪ್ರಶ್ನೆಯೂ ಹೌದು. ನಾನು ಪಾಠ ಮಾಡಿದ ಪದವಿ ತರಗತಿಯೊಂದರಲ್ಲಿ ‘ಪ್ರಜಾಪ್ರಭುತ್ವವನ್ನು ರೂಪಿಸಿದವರು’ ಎಂಬ ವಿಷಯವಾಗಿ ನಡೆದ ಗುಂಪು ಮಂಡನೆಗಳನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿದ್ಯಾರ್ಥಿಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಕಡೆಯಿಂದ ಬಂದವರಾದ್ದರಿಂದ ಊರಿಗೊಂದರಂತೆ ಐದು ಗುಂಪುಗಳಾದವು. ಮಂಡನೆಗೆ ಆಂತರಿಕ ಮೌಲ್ಯಮಾಪನದ ಅಂಕಗಳು ನಿಗದಿಯಾಗಿದ್ದವು.

1

ಈ ಪ್ರದೇಶದಲ್ಲಿ ಇಂಥ ವಿಷಯವನ್ನು ಕೊಡುವುದಕ್ಕೆ ವಿಶೇಷ ಅರ್ಥವಿದೆ. ಕರ್ನಾಟಕದ ಪ್ರಜಾಪ್ರಭುತ್ವದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1881ರಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಿಂದ ತೊಡಗುತ್ತಾರೆ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮೇಲಿನ ಐದು ಊರುಗಳಿಗೆ ಆ ಚರಿತ್ರೆ ತಮ್ಮದಲ್ಲ. 1938ರಲ್ಲಿ ರೂಪುಗೊಂಡ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಜಾಮ್ ಸರ್ಕಾರ ಕೂಡಲೇ ನಿಷೇಧಿಸಿತು. ಸಂಸ್ಥಾನವು ಸಂವಿಧಾನ ರಚನಾ ಸಭೆಗೆ ಪ್ರತಿನಿಧಿಗಳನ್ನು ಕಳುಹಿಸಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಬಂದಿತು. 1949ರ ನವೆಂಬರಿನಲ್ಲಿ ನಿಜಾಮರು ಫರ್ಮಾನಿನ ಮೂಲಕ ಸಂವಿಧಾನವನ್ನು ಒಪ್ಪಿದರು. ಅಂದರೆ ಸಂವಿಧಾನ ಬರೆಯುವಾಗ ಈ ನೆಲದ ಜನರ ದನಿ ಆ ಸಭೆಯಲ್ಲಿ ಇರಲಿಲ್ಲ. ಅದನ್ನು ಒಪ್ಪುವ ಮಾತೂ ಅರಸನ ಹೆಸರಿನಲ್ಲಿಯೇ ಹೊರಟಿತು. ಜನರು ತಾವೇ ಕರ್ತೃಗಳಾಗಿ ನಡೆದುಕೊಂಡದ್ದು 1952ರ ಮತಗಟ್ಟೆಯಲ್ಲಿ.

2

ಐದು ಮಂಡನೆಗಳೂ ವ್ಯಕ್ತಿಚಿತ್ರಗಳಾಗಿದ್ದವು. ಸೇಡಂ ಗುಂಪು ಮಳಖೇಡದ ನೃಪತುಂಗನನ್ನು, ಚಿತ್ತಾಪುರದವರು ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು, ವಾಡಿಯವರು ಸ್ವಾಮಿ ರಾಮಾನಂದ ತೀರ್ಥರನ್ನು, ಶಹಾಬಾದಿನವರು ಬಸವಣ್ಣನವರನ್ನು, ಚಿಂಚೋಳಿಯವರು ವೀರೇಂದ್ರ ಪಾಟೀಲರನ್ನು ಆರಿಸಿಕೊಂಡರು. ಹುಟ್ಟು, ಓದು, ಸಾಧನೆ, ಬಿರುದು, ನಿಧನ ಎಂಬ ಕ್ರಮ ಎಲ್ಲದರಲ್ಲಿಯೂ ಒಂದೇ ಆಗಿತ್ತು. ‘ಹರಿಕಾರ’, ‘ಪಿತಾಮಹ’, ‘ಶಿಲ್ಪಿ’, ‘ರೂವಾರಿ’ ಎಂಬ ಪದಗಳು ಒಬ್ಬರಿಂದ ಇನ್ನೊಬ್ಬರಿಗೆ ಸಲೀಸಾಗಿ ವರ್ಗಾವಣೆಯಾಗುತ್ತಿದ್ದವು.

ಇದಕ್ಕಿಂತ ಮುಖ್ಯವಾದುದು ವ್ಯಾಕರಣದ ಸಂಗತಿ. ‘ಜನರಿಗೆ ಹಕ್ಕು ಕೊಟ್ಟರು’, ‘ನಮಗೆ ಸ್ವಾತಂತ್ರ್ಯ ತಂದುಕೊಟ್ಟರು’, ‘ಬಡವರಿಗೆ ದಾರಿ ತೋರಿದರು’ ಎಂಬ ಮಾದರಿಯ ವಾಕ್ಯಗಳೇ ಮಂಡನೆಗಳ ತುಂಬ ಇದ್ದವು. ಮಹಾಪುರುಷನು ಯಾವಾಗಲೂ ಪ್ರಥಮಾ ವಿಭಕ್ತಿಯಲ್ಲಿ, ಜನರು ಯಾವಾಗಲೂ ಚತುರ್ಥಿಯಲ್ಲಿ. ಪ್ರಜೆಗಳು ಕರ್ತೃಸ್ಥಾನಕ್ಕೆ ಬಾರದ ವಾಕ್ಯಗಳಲ್ಲಿ ಪ್ರಜಾಪ್ರಭುತ್ವವನ್ನು ವಿವರಿಸಲಾಗುತ್ತಿತ್ತು. ಇದು ವಿದ್ಯಾರ್ಥಿಗಳ ದೋಷವೆನ್ನಲಾಗದು. ನಮ್ಮ ಜಯಂತಿ ಭಾಷಣಗಳ ಮತ್ತು ಗೈಡುಗಳ ಭಾಷೆ ಅದೇ ಆಗಿದೆ.

ಈ ಸಂಗತಿಯನ್ನು ಮೊದಲು ಗುರುತಿಸಿದವನು ಶಹಾಬಾದಿನ ಕಲ್ಲುಗಣಿ ಕಾರ್ಮಿಕರ ಮನೆಯಿಂದ ಬಂದ ವಿದ್ಯಾರ್ಥಿ. ಚಿತ್ತಾಪುರದವರ ಮಂಡನೆ ಮುಗಿದಾಗ ಅವನು ಎದ್ದುನಿಂತು, ‘ಅವರು ಶಿಲ್ಪಿ ಅಂದರ ನಾವು ಕಲ್ಲೇನ್ರಿ?’ ಎಂದು ಕೇಳಿದನು. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ‘ರೂವಾರಿ’ ಎಂಬುದೂ ಶಾಸನಗಳಲ್ಲಿ ಶಿಲ್ಪಿಯನ್ನೇ ಸೂಚಿಸುವ ಪದ. ಈ ರೂಪಕದಲ್ಲಿ ರೂಪಿಸುವವನು ಒಬ್ಬ, ಉಳಿದುದೆಲ್ಲ ರೂಪುಗೊಳ್ಳುವ ವಸ್ತು.

ಸ್ವತಃ ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ರಾಜಕಾರಣದೊಳಗಿನ ಭಕ್ತಿಯನ್ನು ಕುರಿತು ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಮುಕ್ತಿಯ ಮಾರ್ಗವಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೆ ಮತ್ತು ಸರ್ವಾಧಿಕಾರಕ್ಕೆ ದಾರಿ ಎಂಬುದು ಅವರ ಅಭಿಪ್ರಾಯದ ಸಾರ. ಆ ಭಾಷಣ ಮಾಡಿದವರನ್ನೇ ಭಕ್ತಿಯ ಭಾಷೆಯಲ್ಲಿ ಪರಿಚಯಿಸುತ್ತಿರುವುದು ವಿಪರ್ಯಾಸ.

3

ಸ್ತುತಿಯ ಭಾಷೆ ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನೂ ಗಮನಿಸಬೇಕು. ಮೊದಲನೆಯದಾಗಿ, ಸೋಲು. ವೀರೇಂದ್ರ ಪಾಟೀಲರು 1957ರಲ್ಲಿ ಚಿಂಚೋಳಿಯಿಂದ ಆಯ್ಕೆಯಾದದ್ದು, 1968ರಲ್ಲಿ ಮತ್ತು 1989ರಲ್ಲಿ ಮುಖ್ಯಮಂತ್ರಿಯಾದದ್ದು ಮಂಡನೆಯಲ್ಲಿತ್ತು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಸೋತದ್ದು ಇರಲಿಲ್ಲ. ಅಂಬೇಡ್ಕರ್ ಅವರು 1952ರ ಲೋಕಸಭಾ ಚುನಾವಣೆಯಲ್ಲಿ ಸೋತ ಸಂಗತಿಯೂ ಇರಲಿಲ್ಲ. ಆದರೆ ಸೋತವರು ಸೋಲನ್ನು ಒಪ್ಪಿ ಮತ್ತೆ ಜನರ ಮುಂದೆ ಬರುವುದೇ ಈ ವ್ಯವಸ್ಥೆಯ ಜೀವಾಳ.

ಎರಡನೆಯದಾಗಿ, ಕಾಲದ ಅಂತರ. ಅನುಭವ ಮಂಟಪವನ್ನು ‘ಮೊದಲ ಸಂಸತ್ತು’ ಎಂದು ಶಹಾಬಾದಿನ ಗುಂಪು ಹೇಳಿತು. ಅನುಭವ ಮಂಟಪದ ಗೋಷ್ಠಿಗಳ ಸಂವಾದರೂಪವನ್ನು ನಾವು ಪಡೆಯುವುದು 15ನೆಯ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಗಳ ಮೂಲಕ. ಹೀಗಿರುವಾಗ ಮತದಾನ, ಪ್ರಾತಿನಿಧ್ಯಗಳುಳ್ಳ ಆಧುನಿಕ ಸಂಸ್ಥೆಯೊಂದಿಗೆ ಅದನ್ನು ಸಮೀಕರಿಸುವುದಕ್ಕಿಂತ, ಬೇರೆಬೇರೆ ಕಾಯಕದವರ ಮಾತಿಗೆ ಸಮಾನ ಸ್ಥಾನ ಕೊಟ್ಟ ಆದರ್ಶವಾಗಿ ಅದನ್ನು ಓದುವುದು ಹೆಚ್ಚು ಉಚಿತ.

ಮೂರನೆಯದಾಗಿ, ನೋವು. ವಾಡಿಯ ಗುಂಪು ರಾಮಾನಂದ ತೀರ್ಥರ ಸೆರೆವಾಸವನ್ನೂ ರಜಾಕಾರರ ಹಿಂಸೆಯನ್ನೂ ವಿವರವಾಗಿ ಹೇಳಿ, ಪೊಲೀಸ್ ಕಾರ್ಯಾಚರಣೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿತು. ಆಗ ಅದೇ ಗುಂಪಿನ ವಿದ್ಯಾರ್ಥಿನಿಯೊಬ್ಬಳು, ‘ಆಮ್ಯಾಗ ನಮ್ಮ ಮಂದಿಗೂ ಭಾಳ ತ್ರಾಸಾಗ್ಯದಂತ ನಮ್ಮ ಮನ್ಯಾಗ ಹೇಳ್ತಾರ್ರೀ’ ಎಂದಳು. ತರಗತಿ ಮೌನವಾಯಿತು. ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಿದ ಸುಂದರಲಾಲ್ ಸಮಿತಿಯ ವರದಿ ದೀರ್ಘಕಾಲ ಅಪ್ರಕಟಿತವಾಗಿಯೇ ಉಳಿದಿತ್ತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಆಗಿನ ಗುಲಬರ್ಗಾವನ್ನೂ ಅದು ಹೆಸರಿಸಿತ್ತು. ಎರಡೂ ನೋವುಗಳನ್ನು ಒಂದೇ ಕೋಣೆಯಲ್ಲಿ ಹೇಳಲು ಮತ್ತು ಕೇಳಲು ಸಾಧ್ಯವೇ ಎಂಬುದು ಅಂದಿನ ನಿಜವಾದ ಪರೀಕ್ಷೆಯಾಗಿತ್ತು. ಅನ್ಯರ ವಿಚಾರವನ್ನು ಸೈರಿಸುವುದೇ ನಿಜವಾದ ಸಂಪತ್ತೆಂಬ ಆಶಯ 9ನೆಯ ಶತಮಾನದ ಕವಿರಾಜಮಾರ್ಗದಲ್ಲಿದೆ. ಸೇಡಂ ಗುಂಪು ಅದನ್ನು ಅರಸನ ಹಿರಿಮೆಯಾಗಿ ಮಂಡಿಸಿತ್ತು. ಆ ಮೌನದ ಗಳಿಗೆಯಲ್ಲಿ ಅದು ಅರಸನದಲ್ಲ, ಕುಳಿತು ಕೇಳುತ್ತಿದ್ದವರ ಹೊಣೆ ಎಂಬುದು ಎಲ್ಲರಿಗೂ ತಿಳಿಯಿತು.

4

ನನ್ನ ದೋಷವನ್ನೂ ಇಲ್ಲಿ ದಾಖಲಿಸಬೇಕು. ಚಿಂಚೋಳಿ ಗುಂಪಿನ ಟಿಪ್ಪಣಿಗಳನ್ನೆಲ್ಲ ಬರೆದವಳು ತಾಂಡಾದಿಂದ ಬರುವ ವಿದ್ಯಾರ್ಥಿನಿ. ಮನೆಯಲ್ಲಿ ಲಂಬಾಣಿ ಮಾತನಾಡುವ ಅವಳು ಮಂಡನೆಯ ದಿನ ಚಿತ್ರಪಟ ಹಿಡಿದು ನಿಂತಿದ್ದಳು. ಚೆನ್ನಾಗಿ ಮಾತನಾಡಿದ ಹುಡುಗನಿಗೆ ನಾನು ಹೆಚ್ಚು ಅಂಕ ಕೊಟ್ಟಿದ್ದೆ. ಪ್ರಜಾಪ್ರಭುತ್ವವನ್ನು ಕುರಿತ ಮಂಡನೆಯಲ್ಲಿ ಗುಂಪಿನೊಳಗೆ ಪ್ರಜಾಪ್ರಭುತ್ವವಿರಲಿಲ್ಲ. ಅಂಕ ಕೊಡುವ ಕ್ರಮ ಅದನ್ನು ಪುರಸ್ಕರಿಸಿತ್ತು.

ಆದ್ದರಿಂದ ಎರಡನೆಯ ಸುತ್ತು ನಡೆಸಬೇಕಾಯಿತು. ನಿಯಮಗಳು ಮೂರು: ಪ್ರತಿಯೊಬ್ಬರೂ ಮಾತನಾಡಬೇಕು, ಕೇಳಿದ ಪ್ರಶ್ನೆಗೂ ಅಂಕವಿರುತ್ತದೆ, ಊರಿನ ಜನರೇ ಕರ್ತೃವಾಗಿರುವ ಐದು ವಾಕ್ಯಗಳಾದರೂ ಮಂಡನೆಯಲ್ಲಿರಬೇಕು. ಮೂರನೆಯ ನಿಯಮ ವ್ಯಾಕರಣದ ಅಭ್ಯಾಸದಂತೆ ತೋರಿದರೂ ಹೆಚ್ಚು ಫಲ ನೀಡಿದ್ದು ಅದೇ. ವಾಕ್ಯಕ್ಕೆ ಕರ್ತೃಗಳನ್ನು ಹುಡುಕಲು ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಕೇಳಬೇಕಾಯಿತು. ‘ಸಿಮೆಂಟ್ ಕಾರ್ಖಾನೆಯ ಕಾರ್ಮಿಕರು ಸಂಘ ಕಟ್ಟಿದರು’, ‘ಹೆಣ್ಣುಮಕ್ಕಳು ಗ್ರಾಮಸಭೆಯಲ್ಲಿ ನೀರು ಕೇಳಿದರು’ ಎಂಬ ವಾಕ್ಯಗಳು ಬಂದವು.

ತಾಂಡಾದ ವಿದ್ಯಾರ್ಥಿನಿ ತನ್ನ ಅಜ್ಜಿಯ ಮಾತನ್ನು ತಂದಿದ್ದಳು. ಅಜ್ಜಿಗೆ ತಾನು ಮೊದಲು ಮತ ಹಾಕಿದ ವರ್ಷ ನೆನಪಿಲ್ಲ, ಅಭ್ಯರ್ಥಿಯೂ ನೆನಪಿಲ್ಲ. ಮತಗಟ್ಟೆಯ ಅಧಿಕಾರಿ ಎಲ್ಲರೆದುರು ತನ್ನ ಹೆಸರನ್ನು ಗಟ್ಟಿಯಾಗಿ ಓದಿದ್ದು ಮಾತ್ರ ನೆನಪಿದೆ. ಈ ನೆನಪಿನ ಹಿಂದೆ ದೊಡ್ಡ ಚರಿತ್ರೆಯಿದೆ. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಸಿದ್ಧವಾಗುವಾಗ, ಮುಖ್ಯವಾಗಿ ಉತ್ತರದ ಕೆಲವು ರಾಜ್ಯಗಳಲ್ಲಿ, ಸ್ವಂತ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಲಾಗಿತ್ತು. ಷಷ್ಠೀ ವಿಭಕ್ತಿಯಲ್ಲಿ ಇನ್ನೊಬ್ಬರಿಗೆ ಸೇರಿದವಳಾಗಿ ಉಳಿದವಳಿಗೆ ಮತವಿರಲಿಲ್ಲ.

ಮಹನೀಯರ ಚರಿತ್ರೆಯನ್ನು ತರಗತಿಯಿಂದ ಹೊರಗಿಡಬೇಕೆಂಬುದು ಈ ಲೇಖನದ ವಾದವಲ್ಲ. ಅವರು ಯಾರೊಡನೆ, ಯಾರ ಪ್ರಶ್ನೆಗೆ ಉತ್ತರವಾಗಿ, ಯಾವ ಸೋಲುಗಳ ನಡುವೆ ಕೆಲಸ ಮಾಡಿದರೆಂಬುದನ್ನು ಕೇಳದೆ ಅವರನ್ನು ತಿಳಿಯಲಾಗದು. ಈ ಪ್ರಶ್ನೆಗಳನ್ನು ಕೇಳುವ ವಾಕ್ಯಗಳನ್ನು ಕಲಿಸುವುದು ಕನ್ನಡ ಅಧ್ಯಾಪಕರ ಕೆಲಸ. ಎರಡನೆಯ ಸುತ್ತಿನಲ್ಲಿ ಆ ವಿದ್ಯಾರ್ಥಿನಿ ತನ್ನ ಮಾತನ್ನು ಅಜ್ಜಿಯ ಹೆಸರಿನಿಂದಲೇ ಆರಂಭಿಸಿದಳು. ಆ ವಾಕ್ಯದಲ್ಲಿ ಅಜ್ಜಿ ಪ್ರಥಮಾ ವಿಭಕ್ತಿಯಲ್ಲಿದ್ದಳು.